ಅಂಗೈಯಲ್ಲಿ ನಾಲ್ಕು ಕಾಳು

ರೇಸಿಗೆ ಬಿಟ್ಟ ಪಾರಿವಾಳ ನೂರಾರು ಕಿಲೋಮೀಟರ್ ಹಾರಿ ಊರು ಸೇರಿದ ಮಾತ್ರಕ್ಕೆ ಅದರ ಸ್ಪರ್ಧೆ ಮುಗಿಯುವುದಿಲ್ಲ. ಅದು ಗೂಡಿನೊಳಗೆ ಹೊಕ್ಕು, ಕಾಲಿನ ಉಂಗುರದ ಲೆಕ್ಕ ಸಿಕ್ಕಾಗಲೇ ತಲುಪಿದ ಸಮಯ ದಾಖಲಾಗುವುದು. ದಣಿದ ಹಕ್ಕಿ ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಕೂತು ಗರಿ ತೀಡಿಕೊಳ್ಳತೊಡಗಿತೋ, ಆಕಾಶದಲ್ಲಿ ಗಳಿಸಿದ ನಿಮಿಷಗಳೆಲ್ಲ ಅಲ್ಲೇ ಕರಗಿಹೋಗುತ್ತವೆ. ಬೆಂಗಳೂರಾಗಲಿ, ಚೆನ್ನೈ ಆಗಲಿ, ಬೆಲ್ಜಿಯಮ್ಮಿನ ಹಳ್ಳಿಯಾಗಲಿ, ಆಗ ಸಾಕಿದವರು ಮಾಡುವ ಕೆಲಸ ಒಂದೇ. ಕಾಳಿನ ಡಬ್ಬಿಯನ್ನು ಅಲ್ಲಾಡಿಸುತ್ತಾರೆ. ಆ ಸದ್ದಿನ ಹಿಂದೆ ತನಗಿಷ್ಟದ ಕಾಳು ಇದೆ ಎಂಬುದು ಹಕ್ಕಿಗೆ ಮರಿಯಾಗಿದ್ದಾಗಿನಿಂದ ಗೊತ್ತು. ಅದು ಇಳಿಯುತ್ತದೆ.

ಪಾರಿವಾಳ ಸಾಕುವವರ ಪಾಲಿಗೆ ತಿನಿಸಿನ ಬೆಲೆ ಇರುವುದು ಇಲ್ಲಿ. ದಿನದ ಮೇವು ಹೊಟ್ಟೆಗಾದರೆ, ತಿನಿಸು ಪಳಗಿಸುವುದಕ್ಕೆ, ಕರೆಯುವುದಕ್ಕೆ, ಕೈಯ ಭಯ ಬಿಡಿಸುವುದಕ್ಕೆ. ಮನೆಯ ಬಾಲ್ಕನಿಯಲ್ಲಿ ಒಂದು ಜೋಡಿ ಲಕ್ಕಾ ಪಾರಿವಾಳವನ್ನೋ, ಪಂಜರದಲ್ಲಿ ರಿಂಗ್‌ನೆಕ್ ಡವ್ ಅನ್ನೋ ಇಟ್ಟುಕೊಂಡವರಿಗೂ ಇದು ಬೇಕಾದದ್ದೇ. ಆದರೆ ಬಹಳ ಮಂದಿ ತಾವು ತಿನ್ನುತ್ತಿರುವುದನ್ನೇ ಮುರಿದು ಕೊಡುತ್ತಾರೆ. ಕಾಫಿಯ ಜೊತೆಗಿನ ಬಿಸ್ಕತ್ತು, ಬ್ರೆಡ್ಡಿನ ಅಂಚು, ಸಂಜೆಯ ಖಾರಾಸೇವೆ. ಕೊಡುವುದು ಪ್ರೀತಿಯಿಂದಲೇ. ಹಕ್ಕಿಯೂ ಹೆಕ್ಕುತ್ತದೆ. ಹೆಕ್ಕಿದ ಮೇಲೆ ಅದರ ಒಡಲಿನಲ್ಲಿ ಏನಾಗುತ್ತದೆ ಎಂದು ತಿಳಿದರೆ ಯಾರೂ ಮತ್ತೊಮ್ಮೆ ಹಾಗೆ ಕೊಡಲಾರರು.

ಗಿಳಿ ಸೂರ್ಯಕಾಂತಿ ಬೀಜವನ್ನು ಕೊಕ್ಕಿನಲ್ಲಿ ತಿರುಗಿಸಿ, ಸಿಪ್ಪೆ ಸೀಳಿ, ಒಳಗಿನ ತಿರುಳನ್ನಷ್ಟೇ ತಿನ್ನುತ್ತದೆ. ಪಾರಿವಾಳಕ್ಕೆ ಆ ವಿದ್ಯೆ ಬಾರದು. ಅದು ಕಾಳನ್ನು ಇಡಿಯಾಗಿ ನುಂಗುತ್ತದೆ. ನುಂಗಿದ್ದು ಮೊದಲು ಕೊರಳ ಬುಡದಲ್ಲಿರುವ ಚೀಲದಲ್ಲಿ ನಿಲ್ಲುತ್ತದೆ, ಅಲ್ಲಿ ನೆನೆದು ಮೆತ್ತಗಾಗುತ್ತದೆ. ಸಾಕುವವರು ಇದನ್ನು ಕ್ರಾಪ್ ಎನ್ನುತ್ತಾರೆ. ಸಂಜೆ ಮೇವು ತಿಂದ ಹಕ್ಕಿಯ ಎದೆಯ ಮೇಲ್ಭಾಗ ಉಬ್ಬಿ ಕಾಣುವುದು ಇದೇ. ಅಲ್ಲಿಂದ ಮುಂದೆ ಸಾಗಿದ ಕಾಳು ಗಿಜರ್ಡ್ ಎಂಬ ಗಟ್ಟಿ ಸ್ನಾಯುವಿನ ಜಠರದಲ್ಲಿ, ಹಕ್ಕಿ ಮೊದಲೇ ನುಂಗಿಟ್ಟುಕೊಂಡ ಸಣ್ಣ ಕಲ್ಲುಹರಳುಗಳ ನಡುವೆ ಸಿಕ್ಕಿ ಪುಡಿಯಾಗುತ್ತದೆ. ಹಲ್ಲಿಲ್ಲದ ಜೀವಕ್ಕೆ ಬೀಸುವ ಕಲ್ಲು ಹೊಟ್ಟೆಯೊಳಗೇ ಇದೆ.

ಹಾಗಾಗಿ ಪಾರಿವಾಳದ ತಿನಿಸು ಹೆಚ್ಚಾಗಿ ಒಣಗಿರಬೇಕು, ಗಟ್ಟಿಯಾಗಿರಬೇಕು, ಇಡಿಯಾಗಿ ನುಂಗುವ ಅಳತೆಯಲ್ಲಿರಬೇಕು. ಬ್ರೆಡ್ಡು, ಚಪಾತಿ, ಬಿಸ್ಕತ್ತುಗಳು ಕೊರಳ ಚೀಲದಲ್ಲಿ ನೀರು ಹೀರಿ ಅಂಟು ಮುದ್ದೆಯಾಗುತ್ತವೆ. ಸಕ್ಕರೆ, ಪಿಷ್ಟ, ಬೆಚ್ಚಗಿನ ತೇವ ಒಟ್ಟಾದ ಜಾಗದಲ್ಲಿ ಯೀಸ್ಟ್ ಬೆಳೆಯಲು ತಡವಾಗದು. ಹುಳಿತ ಕ್ರಾಪ್ ಖಾಲಿಯಾಗದೆ ತೂಗಾಡುವ ಹಕ್ಕಿಗಳನ್ನು ಪಶುವೈದ್ಯರು ನೋಡುತ್ತಲೇ ಇರುತ್ತಾರೆ. ಮಂಡಕ್ಕಿಯ ಕಥೆ ಬೇರೆ: ಅಪಾಯ ಕಡಿಮೆ, ಆದರೆ ಹೊಟ್ಟೆ ತುಂಬಿಸಿ ಸತ್ವವಿಲ್ಲದೆ ಬಿಡುತ್ತದೆ, ಅಂಗಡಿಯ ಮಂಡಕ್ಕಿಯಲ್ಲಿ ಉಪ್ಪೂ ಇರುತ್ತದೆ.

ರುಚಿಯ ವಿಷಯಕ್ಕೆ ಬಂದರೆ, ಮನುಷ್ಯನ ನಾಲಿಗೆಯಲ್ಲಿ ಸಾವಿರಾರು ರುಚಿಮೊಗ್ಗುಗಳಿದ್ದರೆ ಪಾರಿವಾಳದ ಬಾಯಲ್ಲಿರುವುದು ಹತ್ತಾರು ಮಾತ್ರ. ಅದು ಕಾಳನ್ನು ಆರಿಸುವುದು ಹೆಚ್ಚಾಗಿ ಕಣ್ಣಿನಿಂದ, ಕೊಕ್ಕಿನ ತುದಿಗೆ ತಗಲುವ ಆಕಾರ-ಗಾತ್ರದಿಂದ. ಮಿಶ್ರ ಕಾಳಿನ ತಟ್ಟೆ ಇಟ್ಟು ನೋಡಿದವರಿಗೆ ಇದು ಗೊತ್ತಿರುತ್ತದೆ. ಒಂದು ಹಕ್ಕಿ ಬಟಾಣಿಯನ್ನೇ ಹುಡುಕಿ ತೆಗೆಯುತ್ತದೆ, ಇನ್ನೊಂದು ಜೋಳವನ್ನು ಮುಗಿಸಿ ಉಳಿದದ್ದನ್ನು ಕೊಕ್ಕಿನಿಂದ ಆಚೆ ಎರಚುತ್ತದೆ. ಪ್ರತಿ ಹಕ್ಕಿಗೂ ತನ್ನದೇ ಇಷ್ಟಗಳಿವೆ. ಇಷ್ಟಪಟ್ಟದ್ದೆಲ್ಲ ಅದಕ್ಕೆ ಬೇಕಾದದ್ದು ಎಂದು ನಂಬುವುದು ಮಾತ್ರ ಸರಿಯಲ್ಲ. ಆರಿಸಿ ತಿನ್ನಲು ಬಿಟ್ಟರೆ ಬಹುತೇಕ ಹಕ್ಕಿಗಳು ಎಣ್ಣೆಕಾಳಿನ ಕಡೆಗೇ ವಾಲುತ್ತವೆ.

ಎಣ್ಣೆಕಾಳುಗಳಲ್ಲಿ ಮೊದಲ ಸ್ಥಾನ ಕಡಲೆಕಾಯಿಯದು, ಉತ್ತರ ಕರ್ನಾಟಕದವರ ಶೇಂಗಾ. ಕೈಗೆ ಬಾರದ ಪಾರಿವಾಳವನ್ನು ಕೈಗೆ ತರಿಸುವ ಶಕ್ತಿ ಇದಕ್ಕಿರುವಷ್ಟು ಬೇರೆ ಯಾವ ಕಾಳಿಗೂ ಇಲ್ಲ. ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆ, ಕಾಲುಭಾಗ ಪ್ರೋಟೀನ್. ದೂರದ ಹಾರಾಟದಲ್ಲಿ ಪಾರಿವಾಳದ ಎದೆಯ ಸ್ನಾಯುಗಳು ಉರಿಸುವ ಇಂಧನ ಮುಖ್ಯವಾಗಿ ಕೊಬ್ಬೇ ಆದ್ದರಿಂದ, ದೊಡ್ಡ ರೇಸಿಗೆ ಮುನ್ನ ಹಕ್ಕಿಗಳಿಗೆ ಹಸಿ ಕಡಲೆಬೀಜ ಕೊಡುವ ರೂಢಿ ಬಹಳ ದೇಶಗಳಲ್ಲಿದೆ. ಎಂಟು ಗಂಟೆ ಹಾರುವ ಹಕ್ಕಿಗೆ ಅದು ಸಲ್ಲುತ್ತದೆ. ಬಾಲ್ಕನಿಯಿಂದ ಸೋಫಾದವರೆಗೆ ಹಾರುವ ಹಕ್ಕಿಗೆ ಅದೇ ಕೊಬ್ಬು ಯಕೃತ್ತಿನ ಮೇಲೆ ಕೂರುತ್ತದೆ.

ಕಡಲೆಬೀಜ ಹಸಿಯಾಗಿರಬೇಕು, ಅಂದರೆ ಹುರಿಯದ, ಉಪ್ಪು-ಖಾರ ಸೋಕದ ಬೀಜ. ಬೆಂಗಳೂರಿನವರು ಪ್ರೀತಿಸುವ ಕಾಂಗ್ರೆಸ್ ಕಡಲೆಬೀಜ ಹಕ್ಕಿಗೆ ಸಲ್ಲದು. ಇನ್ನೊಂದು ಎಚ್ಚರ ಇದಕ್ಕಿಂತ ದೊಡ್ಡದು: ಬೂಷ್ಟು. 1960ರಲ್ಲಿ ಇಂಗ್ಲೆಂಡಿನ ಫಾರ್ಮುಗಳಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತುಬಿದ್ದವು. ಕಾರಣ ತಿಳಿಯದೆ ಅದಕ್ಕೆ ‘ಟರ್ಕಿ ಎಕ್ಸ್ ಕಾಯಿಲೆ’ ಎಂದು ಹೆಸರಿಟ್ಟರು. ಹುಡುಕುತ್ತ ಹೋದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿ. ಅದರ ಮೇಲೆ ಬೆಳೆದಿದ್ದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಉತ್ಪಾದಿಸಿದ ವಿಷಕ್ಕೆ, ಆ ಬೂಷ್ಟಿನ ಹೆಸರಿನಿಂದಲೇ ಅಫ್ಲಟಾಕ್ಸಿನ್ ಎಂದು ಹೆಸರು ಬಂತು. ಅದು ನೇರವಾಗಿ ಯಕೃತ್ತಿಗೆ ಹೊಡೆಯುತ್ತದೆ, ಹುರಿದರೂ ಪೂರ್ತಿ ನಾಶವಾಗುವುದಿಲ್ಲ. ಮನುಷ್ಯರ ಆಹಾರದಲ್ಲಿ ಇವತ್ತು ಅಫ್ಲಟಾಕ್ಸಿನ್ನಿಗೆ ಮಿತಿ ಹೇರಿರುವುದರ ಹಿಂದಿನ ಕಥೆ ಶುರುವಾದದ್ದು ಆ ಕೋಳಿಗಳಿಂದ.

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಪರಿಷೆಯಲ್ಲಿ ರಾಶಿ ಬೀಳುವ ಹೊಸ ಕಡಲೆಕಾಯಿ ಎಷ್ಟೋ ಮನೆಗಳ ಪಾರಿವಾಳಕ್ಕೂ ಒಂದು ಹಿಡಿ ಮುಟ್ಟುತ್ತದೆ. ಹೊಸ ಕಾಯಿಯಲ್ಲಿ ತೇವ ಹೆಚ್ಚು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ವಾರದೊಳಗೆ ಒಳಗಿನಿಂದ ಬೂಷ್ಟು ಹಿಡಿಯುತ್ತದೆ. ಬಿಸಿಲಿಗೆ ಹರಡಿ, ಅಲ್ಲಾಡಿಸಿದಾಗ ಬೀಜ ಗಲಗಲ ಎನ್ನುವವರೆಗೆ ಒಣಗಿಸಿ, ಆಮೇಲೆ ಡಬ್ಬಿಗೆ ಹಾಕಬೇಕು. ಕೊಡುವಾಗ ಪ್ರತಿ ಬೀಜವನ್ನು ಬೇಳೆಯಾಗಿ ಬಿಡಿಸಿ ನೋಡುವುದು ಒಳ್ಳೆಯ ಅಭ್ಯಾಸ. ಒಳಮೈ ಕೆನೆಬಣ್ಣದಲ್ಲಿದ್ದು ಹಸಿ ಬೀಜದ ವಾಸನೆ ಬಂದರೆ ಸರಿ. ಎರಡು ಬೇಳೆಗಳ ನಡುವೆ ಹಸಿರು-ಹಳದಿ ಪುಡಿ ಕಂಡರೆ, ಸುಕ್ಕುಗಟ್ಟಿ ಕಪ್ಪಾಗಿದ್ದರೆ, ಮುಗ್ಗಲು ವಾಸನೆ ಬಂದರೆ ಆ ಬೀಜ ಮಾತ್ರವಲ್ಲ, ಆ ಡಬ್ಬಿಯೇ ಹೊರಗೆ ಹೋಗಬೇಕು. ನಾಲ್ಕು ರೂಪಾಯಿಯ ಬೀಜ ಉಳಿಸಲು ಹಕ್ಕಿಯ ಯಕೃತ್ತನ್ನು ಪಣಕ್ಕಿಡುವುದು ಬೇಡ.

ಕಡಲೆಬೀಜಕ್ಕಿಂತ ಮೃದುವಾದ ಆಯ್ಕೆ ಕುಸುಬೆ. ಕಲಬುರಗಿ, ವಿಜಯಪುರ, ಬೀದರ್ ಕಡೆಯ ಕಪ್ಪುಮಣ್ಣಿನಲ್ಲಿ ಹಿಂಗಾರಿಗೆ ಬೆಳೆಯುವ ಈ ಬಿಳಿ ಬೀಜವನ್ನು ಪಾರಿವಾಳಗಳು ಹುಡುಕಿ ತಿನ್ನುತ್ತವೆ. ಹೊರದೇಶದ ಪಾರಿವಾಳ ಮಿಶ್ರಣಗಳಲ್ಲಿ ಇದು ಇದ್ದೇ ಇರುತ್ತದೆ. ನಮ್ಮಲ್ಲಿ ಬೆಳೆಯುವ ಊರಿನ ಸಂತೆಯಲ್ಲೇ ಸಿಗುತ್ತದೆ. ಸಿಪ್ಪೆಯೊಂದಿಗೆ ಇದರ ಎಣ್ಣೆ ಮೂರರಲ್ಲಿ ಒಂದು ಪಾಲಿನ ಆಸುಪಾಸು. ಅಗಸೆ, ಎಳ್ಳು, ಹುಚ್ಚೆಳ್ಳು ಗರಿ ಉದುರಿ ಹೊಸದು ಬರುವ ಕಾಲದಲ್ಲಿ ಒಂದು ಚಿಟಿಕೆ ಕೊಡಲು ಒಳ್ಳೆಯವು. ಸೂರ್ಯಕಾಂತಿಯನ್ನು ಸಿಪ್ಪೆ ತೆಗೆದು ಕೊಟ್ಟರೆ ಸಣ್ಣ ಹಕ್ಕಿಗೂ ನುಂಗಲು ಸುಲಭ.

ಎಷ್ಟು ಎಂಬ ಪ್ರಶ್ನೆಗೆ ಹಳೆಯ ಲೆಕ್ಕವೊಂದಿದೆ. ಅಕ್ಬರನ ಆಸ್ಥಾನದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪಾರಿವಾಳಗಳಿದ್ದವು ಎಂದು ಬರೆದ ಅಬುಲ್ ಫಜಲ್, ಅವುಗಳ ಮೇವಿನ ಲೆಕ್ಕವನ್ನೂ ‘ಐನ್-ಎ-ಅಕ್ಬರಿ’ಯಲ್ಲಿ ಕೊಟ್ಟಿದ್ದಾನೆ. ಹಾರಾಟದ ನೂರು ಹಕ್ಕಿಗಳಿಗೆ ದಿನಕ್ಕೆ ನಾಲ್ಕು ಸೇರು ಕಿರುಧಾನ್ಯ ಮಾತ್ರ. ಉಳಿದವಕ್ಕೆ ಐದು ಸೇರು, ಜೋಡಿ ಕಟ್ಟಿದಾಗ ಏಳೂವರೆ. ಅದೂ ಅಕ್ಕಿ, ಕಡಲೆಬೇಳೆ, ಹೆಸರುಬೇಳೆ, ಜೋಳ ಸೇರಿದ ಏಳು ಬಗೆಯ ಕಾಳಿನ ಮಿಶ್ರಣ. ಆ ಕಾಲದ ಸೇರನ್ನು ಇಂದಿನ 600 ಗ್ರಾಂ ಆಸುಪಾಸು ಎಂದು ಹಿಡಿದರೆ ಹಾರುವ ಹಕ್ಕಿಗೆ ದಿನಕ್ಕೆ ಸುಮಾರು 25 ಗ್ರಾಂ, ಇತರ ಹಕ್ಕಿಗೆ 30. ಇವತ್ತು ಸಾಕುವವರು ಹೇಳುವ ಅಳತೆಯೂ ಸರಿಸುಮಾರು ಇದೇ. ಆಕಾಶದಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾದ ಗಿರಿಬಾಜ್ ತಳಿಯ ಪಾರಿವಾಳಗಳಿಗೆ ಇಂದಿಗೂ ಹೆಚ್ಚಾಗಿ ಸಜ್ಜೆಯನ್ನೇ ಹಾಕುತ್ತಾರೆ. ಹಾರುವ ಹಕ್ಕಿ ಹಗುರಾಗಿರಬೇಕು, ಮರಿ ಮಾಡುವ ಹಕ್ಕಿ ತುಂಬಿಕೊಂಡಿರಬೇಕು ಎಂಬ ತಿಳಿವಳಿಕೆ ನಾಲ್ಕು ಶತಮಾನದಿಂದ ಕೈಯಿಂದ ಕೈಗೆ ಬಂದಿದೆ.

ಆ 30 ಗ್ರಾಮಿನಲ್ಲಿ ತಿನಿಸಿನ ಪಾಲು ಹತ್ತರಲ್ಲಿ ಒಂದನ್ನು ಮೀರಬಾರದು. ಮೂರು ಗ್ರಾಂ ಎಂದರೆ ಸಣ್ಣ ಕಡಲೆಬೀಜ ಐದಾರು. ಹೆಚ್ಚಿನವರು ಒಂದು ಹಿಡಿ ಎಂದುಕೊಂಡಿರುತ್ತಾರೆ.

ಎಣ್ಣೆಕಾಳಿನ ಆಚೆ ಇನ್ನೊಂದು ಬಗೆಯ ತಿನಿಸಿದೆ. ಅದನ್ನು ನಮ್ಮ ಅಡುಗೆಮನೆಗಳು ದಿನವೂ ಮಾಡುತ್ತವೆ, ಹಕ್ಕಿಗೆ ಕೊಡುವುದು ಹೊಳೆಯುವುದಿಲ್ಲ: ಮೊಳಕೆ ಕಾಳು. ಹೆಸರುಕಾಳು, ಹುರುಳಿ, ಗೋಧಿ, ಯಾವುದಾದರೂ ಸರಿ. ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಎರಡು ಮೂರು ಬಾರಿ ತೊಳೆದು, ತೆಳುಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿಡಬೇಕು. ಕಾಳಿನ ತುದಿಯಲ್ಲಿ ಬಿಳಿ ಮೊನೆ ಇಣುಕಿದ ಹೊತ್ತಿಗೇ ಕೊಡಬೇಕು, ಉದ್ದ ಬಾಲ ಬರುವವರೆಗೆ ಕಾಯಬಾರದು. ಕೊಡುವ ಮುನ್ನ ಮತ್ತೊಮ್ಮೆ ತೊಳೆದು, ಒಣಬಟ್ಟೆಯ ಮೇಲೆ ಉರುಳಿಸಿ ಮೇಲಿನ ನೀರು ತೆಗೆಯಬೇಕು. ಮುಟ್ಟಿದರೆ ಜಾರುವಂತಿದ್ದರೆ, ಹುಳಿ ವಾಸನೆಯಿದ್ದರೆ ಎಸೆಯಬೇಕು. ಹಾಕಿದ ಒಂದೆರಡು ಗಂಟೆಯಲ್ಲಿ ತಿನ್ನದೆ ಉಳಿದದ್ದನ್ನು ತೆಗೆದುಬಿಡಬೇಕು; ಕರಾವಳಿಯ ಸೆಖೆಯಲ್ಲಿ ಇನ್ನೂ ಬೇಗ. ಎಣ್ಣೆಯ ಹೊರೆಯಿಲ್ಲದೆ ಬದಲಾವಣೆಯ ಖುಷಿ ಕೊಡುವ ತಿನಿಸು ಇದು. ಮನೆಯೊಳಗೇ ಇರುವ ದಪ್ಪ ಹಕ್ಕಿಗೆ ಕಡಲೆಬೀಜ ಬಿಟ್ಟು ಇದನ್ನೇ ರೂಢಿಸುವುದು ಲೇಸು.

ಸೊಪ್ಪನ್ನು ಹಕ್ಕಿ ಮೊದಲ ದಿನ ಅನುಮಾನದಿಂದ ನೋಡುತ್ತದೆ. ಅದಕ್ಕೆ ಅಗಿಯಲು ಬಾರದು, ಕಾಲಿನಲ್ಲಿ ಒತ್ತಿ ಹಿಡಿದು ಹರಿಯಲೂ ಬಾರದು. ಎಲೆಯ ತುದಿಯನ್ನು ಕೊಕ್ಕಿನಲ್ಲಿ ಕಚ್ಚಿ, ತಲೆಯನ್ನು ಪಕ್ಕಕ್ಕೆ ಝಾಡಿಸುತ್ತದೆ. ತುಂಡಾದಷ್ಟು ಒಳಗೆ ಹೋಗುತ್ತದೆ, ಉಳಿದದ್ದು ಗೋಡೆಗೆ ಅಂಟುತ್ತದೆ. ಕೊತ್ತಂಬರಿ, ಮೆಂತ್ಯ, ನುಗ್ಗೆ ಸೊಪ್ಪನ್ನು ಕಾಳಿನ ಗಾತ್ರಕ್ಕೆ ಹೆಚ್ಚಿ, ಮೊದಮೊದಲು ಕಾಳಿನೊಂದಿಗೆ ಬೆರೆಸಿ ಕೊಟ್ಟರೆ ಕಲಿಯುತ್ತದೆ. ಬರೀ ಒಣಕಾಳು ತಿನ್ನುವ ಹಕ್ಕಿಗೆ ‘ಎ’ ಜೀವಸತ್ವದ ಕೊರತೆ ಕಾಡುವುದುಂಟು. ಸೊಪ್ಪು, ತುರಿದ ಕ್ಯಾರೆಟ್ ಅದನ್ನು ತುಂಬುತ್ತವೆ. ಪಾಲಕ್ ಅಪರೂಪಕ್ಕಿರಲಿ, ಅದರಲ್ಲಿರುವ ಆಕ್ಸಲೇಟ್ ಸುಣ್ಣದಂಶವನ್ನು ದೇಹಕ್ಕೆ ದಕ್ಕಗೊಡುವುದಿಲ್ಲ.

ಹಣ್ಣಿನ ಬಗ್ಗೆ ಜನರಲ್ಲಿ ಒಂದು ಗೊಂದಲವಿದೆ. ಮಲೆನಾಡಿನ ಆಲ, ಅತ್ತಿ ಮರಗಳು ಹಣ್ಣು ಬಿಟ್ಟಾಗ ಹಸಿರು ಪಾರಿವಾಳಗಳ ಹಿಂಡು ಎಲೆಗಳ ನಡುವೆ ಕಾಣದಂತೆ ಕೂತು ದಿನವಿಡೀ ಹಣ್ಣು ತಿನ್ನುತ್ತವೆ. ಅದನ್ನು ನೋಡಿದವರು ಮನೆಯ ಪಾರಿವಾಳಕ್ಕೂ ಹಣ್ಣು ಸಹಜ ಆಹಾರ ಎಂದುಕೊಳ್ಳುತ್ತಾರೆ. ಕುಟುಂಬ ಒಂದೇ ಆದರೂ ಬದುಕು ಬೇರೆ. ಸಾಕುಪಾರಿವಾಳದ ಪೂರ್ವಜ ಬಂಡೆಗಳ ಸಂದಿನಲ್ಲಿ ಗೂಡುಕಟ್ಟಿ, ಬಯಲಿನಲ್ಲಿ ಕಾಳು ಹೆಕ್ಕಿ ಬದುಕಿದ ಹಕ್ಕಿ. ಸೇಬು, ದಾಳಿಂಬೆಯ ನಾಲ್ಕು ಚೂರು ಕೆಡುಕು ಮಾಡವು, ಆದರೆ ಸೇಬಿನ ಬೀಜ ಬೇಡ. ಬೆಣ್ಣೆಹಣ್ಣು ಮಾತ್ರ ಹಕ್ಕಿಗಳಿಗೆ ವಿಷ. ಕೊಡಗು, ಚಿಕ್ಕಮಗಳೂರಿನ ಮನೆಗಳ ಹಿತ್ತಲಿನಲ್ಲಿ ಅದು ಧಾರಾಳವಾಗಿ ಸಿಗುವುದರಿಂದ ಒತ್ತಿ ಹೇಳಬೇಕು. ಚಾಕೊಲೇಟು, ಕಾಫಿ, ಈರುಳ್ಳಿ ಹಾಕಿದ ಪದಾರ್ಥ, ಮದ್ಯ, ಇವೂ ಹತ್ತಿರ ಸುಳಿಯಬಾರದು.

ಹಳ್ಳಿಗಳಲ್ಲಿ ಇನ್ನೊಂದು ಅಪಾಯವಿದೆ. ಬಿತ್ತನೆ ಮುಗಿದ ಮೇಲೆ ಚೀಲದ ತಳದಲ್ಲಿ ಉಳಿದ ಮೆಕ್ಕೆಜೋಳ, ಸಜ್ಜೆ ಬೀಜವನ್ನು ಹಕ್ಕಿಗೆ ಹಾಕಿಬಿಡುವುದು. ಆ ಬೀಜಕ್ಕೆ ಗುಲಾಬಿಯೋ ಕೆಂಪೋ ಬಣ್ಣ ಇರುವುದು ಔಷಧಿ ಲೇಪಿಸಿದ್ದಾರೆ ಎಂದು ತಿಳಿಸುವುದಕ್ಕೇ. ತೊಳೆದರೂ ಅದು ತಿನ್ನುವ ಕಾಳಾಗುವುದಿಲ್ಲ.

ಮರಿಯಿರುವ ಗೂಡಿಗೆ ನಿಯಮ ಇನ್ನೂ ಬಿಗಿ. ಪಾರಿವಾಳದ ಮರಿ ಮೊದಲ ಕೆಲವು ದಿನ ತಿನ್ನುವುದು ಅಪ್ಪ ಅಮ್ಮ ಇಬ್ಬರೂ ಕೊರಳ ಚೀಲದಲ್ಲಿ ತಯಾರಿಸುವ ಗಿಣ್ಣಿನಂಥ ‘ಹಾಲ’ನ್ನು. ಗಂಡೂ ಹಾಲೂಡುವ ಈ ವಿಚಿತ್ರದ ಬೆನ್ನುಹತ್ತಿಯೇ ಅಮೆರಿಕದ ವಿಜ್ಞಾನಿ ಆಸ್ಕರ್ ರಿಡಲ್ ಮತ್ತು ಸಂಗಡಿಗರು 1930ರ ದಶಕದಲ್ಲಿ ಪ್ರೊಲ್ಯಾಕ್ಟಿನ್ ಹಾರ್ಮೋನಿಗೆ ಆ ಹೆಸರು ಕೊಟ್ಟದ್ದು. ಬಾಣಂತಿಯರಲ್ಲಿ ಹಾಲು ತರಿಸುವುದೂ ಅದೇ ಹಾರ್ಮೋನು. ಕೆಲವು ದಿನಗಳಲ್ಲಿ ಹಾಲಿನೊಂದಿಗೆ ನೆನೆದ ಕಾಳೂ ಮರಿಗೆ ಹೋಗತೊಡಗುತ್ತದೆ, ಆಮೇಲೆ ಬರೀ ಕಾಳು. ಅಂದರೆ ದೊಡ್ಡ ಹಕ್ಕಿಗೆ ಕೊಟ್ಟ ತಿನಿಸು ಗಂಟೆಯೊಳಗೆ ಮರಿಯ ಬಾಯಿಗೆ ಬೀಳುತ್ತದೆ. ಮರಿ ಗೂಡಿನಲ್ಲಿರುವ ಈ ನಾಲ್ಕು ವಾರ ಬಟಾಣಿ, ಹೆಸರುಕಾಳಿನಂಥ ಪ್ರೋಟೀನ್ ಕಾಳು ಹೆಚ್ಚಿರಲಿ, ಮೊಳಕೆ ಕಾಳು ತೀರ ತಾಜಾ ಇರಲಿ, ಉಳಿದದ್ದೆಲ್ಲ ಕಾಯಲಿ.

ಮೊಟ್ಟೆಯಿಡುವ ಹೆಣ್ಣಿಗೆ ಸುಣ್ಣದಂಶ ಬೇಕು. ಜೊತೆಗಾರನಿಲ್ಲದ ಹೆಣ್ಣೂ ಮೊಟ್ಟೆಯಿಡುತ್ತದೆ, ಒಮ್ಮೆಗೆ ಎರಡು. ಕಾಳುಗಳಲ್ಲಿ ಸುಣ್ಣ ಬಹಳ ಕಡಿಮೆ. ಕಪ್ಪೆಚಿಪ್ಪಿನ ಪುಡಿ, ಅಥವಾ ಕುದಿಸಿ ಒಣಗಿಸಿ ಒರಟಾಗಿ ಪುಡಿಮಾಡಿದ ಕೋಳಿಮೊಟ್ಟೆಯ ಸಿಪ್ಪೆ ಸದಾ ಬೇರೆ ಬಟ್ಟಲಲ್ಲಿರಬೇಕು. ಅದು ಮೈಗೂಡಲು ‘ಡಿ’ ಜೀವಸತ್ವ ಬೇಕು, ಅದಕ್ಕೆ ನೇರ ಬಿಸಿಲು ಬೇಕು. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲಿನಲ್ಲಿ ಆ ಗುಣ ಉಳಿದಿರುವುದಿಲ್ಲ.

ಏನು ಕೊಡಬೇಕು ಎಂಬಷ್ಟೇ ಮುಖ್ಯ, ಯಾವ ಹೊತ್ತಿನಲ್ಲಿ ಕೊಡಬೇಕು ಎಂಬುದು. ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ 1948ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಹಸಿದ ಎಂಟು ಪಾರಿವಾಳಗಳಿಗೆ, ಅವು ಏನು ಮಾಡುತ್ತಿದ್ದರೂ ಲೆಕ್ಕಿಸದೆ, ಗೊತ್ತಾದ ಅಂತರದಲ್ಲಿ ಕಾಳು ಕೊಡಲಾಯಿತು. ಕಾಳು ಬಂದ ಗಳಿಗೆಯಲ್ಲಿ ತಾವು ಮಾಡುತ್ತಿದ್ದುದರಿಂದಲೇ ಅದು ಬಂತೋ ಎಂಬಂತೆ ಆರು ಹಕ್ಕಿಗಳು ಒಂದೊಂದು ವರ್ತನೆಗೆ ಅಂಟಿಕೊಂಡವು. ಒಂದು ಹಕ್ಕಿ ಗೂಡಿನಲ್ಲಿ ಎಡಕ್ಕೆ ಸುತ್ತತೊಡಗಿತು, ಇನ್ನೊಂದು ಮೂಲೆಯ ಕಡೆಗೆ ತಲೆ ಚಾಚತೊಡಗಿತು. ಮನೆಯಲ್ಲೂ ನಡೆಯುವುದು ಇದೇ. ರೆಕ್ಕೆಯಿಂದ ಹೊಡೆದು ಗಲಾಟೆ ಮಾಡುವ ಹಕ್ಕಿಯನ್ನು ಸುಮ್ಮನಾಗಿಸಲು ಕಡಲೆಬೀಜ ಕೊಟ್ಟರೆ ಅದು ಕಲಿಯುವುದು ಹೊಡೆಯುವುದನ್ನೇ. ಶಾಂತವಾಗಿ ಹತ್ತಿರ ಬಂದು ನಿಂತ ಕ್ಷಣದಲ್ಲಿ, ಬೆಳಗಿನ ಮೇವಿಗೆ ಮುನ್ನ ಸ್ವಲ್ಪ ಹಸಿವಿರುವಾಗ, ಚಪ್ಪಟೆಯಾಗಿ ಚಾಚಿದ ಅಂಗೈಯಲ್ಲಿ ಒಂದೊಂದೇ ಬೀಜ ಕೊಟ್ಟರೆ ಕೆಲವೇ ದಿನಗಳಲ್ಲಿ ಮಣಿಕಟ್ಟಿನ ಮೇಲೆ ಹತ್ತಿ ಕೂರುತ್ತದೆ.

ಡವ್‌ಗಳಿಗೆ ಅಳತೆಯೆಲ್ಲ ಇಳಿಯುತ್ತದೆ. ರೇಸಿನ ಹೋಮರ್ ಪಾರಿವಾಳ ನಾನೂರು ಗ್ರಾಂ ಮೀರಿ ತೂಗಿದರೆ ರಿಂಗ್‌ನೆಕ್ ಡವ್ ನೂರೈವತ್ತರ ಆಸುಪಾಸು, ಆಸ್ಟ್ರೇಲಿಯಾ ಮೂಲದ ಡೈಮಂಡ್ ಡವ್ ಬರೀ ಮೂವತ್ತು. ರಿಂಗ್‌ನೆಕ್‌ಗೆ ಎರಡು ಕಡಲೆಬೀಜವನ್ನು ಚೂರು ಮಾಡಿದಷ್ಟು ಸಾಕು. ಡೈಮಂಡ್ ಡವ್‌ಗೆ ಕಡಲೆಬೀಜವೇ ಬೇಡ, ನವಣೆಯ ತೆನೆಯೊಂದನ್ನು ಪಂಜರದೊಳಗೆ ತೂಗುಹಾಕಿದರೆ ಅರ್ಧ ದಿನ ಅದರಲ್ಲೇ ಮುಳುಗಿರುತ್ತದೆ. ನಮ್ಮ ಹೊಲ-ಹಿತ್ತಲಿನ ಬೆಳವಗಳ ಮಾತು ಬೇರೆ: ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ಹಿಡಿದು ಸಾಕುವಂತಿಲ್ಲ.

ತಿನಿಸು ಹೆಚ್ಚಾಯಿತೋ ಇಲ್ಲವೋ ತಿಳಿಯಲು ತಕ್ಕಡಿಯಿಲ್ಲದೆಯೂ ದಾರಿಯಿದೆ. ವಾರಕ್ಕೊಮ್ಮೆ ಹಕ್ಕಿಯನ್ನು ಕೈಗೆತ್ತಿಕೊಂಡು ಎದೆಯ ನಡುವೆ ಉದ್ದಕ್ಕೆ ಇಳಿಯುವ ಮೂಳೆಯ ಮೇಲೆ ಬೆರಳಾಡಿಸಬೇಕು. ಮೂಳೆಯ ಅಂಚು ಬೆರಳಿಗೆ ಸಿಗುತ್ತ, ಎರಡೂ ಬದಿಯ ಮಾಂಸ ದುಂಡಗೆ ತುಂಬಿಕೊಂಡಿದ್ದರೆ ಎಲ್ಲ ಸರಿಯಿದೆ. ಮೂಳೆ ಹುಡುಕಬೇಕಾಗಿ ಬಂದರೆ ಎಣ್ಣೆಕಾಳು ನಿಲ್ಲಿಸಿ, ಹಾರಲು ಜಾಗ ಕೊಡಬೇಕು. ಅದೇ ಮೂಳೆ ಚಾಕುವಿನಂತೆ ಎದ್ದು ತಗಲಿದರೆ, ಹಿಕ್ಕೆ ನೀರಾಗಿ ಹಸಿರು ಬಣ್ಣಕ್ಕೆ ತಿರುಗಿದ್ದರೆ, ಅಥವಾ ರಾತ್ರಿ ತುಂಬಿದ್ದ ಕ್ರಾಪ್ ಬೆಳಿಗ್ಗೆಯೂ ಹಾಗೇ ಉಬ್ಬಿದ್ದರೆ, ಯಾವ ತಿನಿಸಿನಿಂದಲೂ ಅದು ಸುಧಾರಿಸುವುದಿಲ್ಲ; ಆ ದಿನವೇ ಹಕ್ಕಿಗಳನ್ನು ನೋಡುವ ಪಶುವೈದ್ಯರಲ್ಲಿಗೆ ಕರೆದೊಯ್ಯಬೇಕು.